ಮಲಗಿದ ಪೆಟ್ಟಿಗೆಯನ್ನು ಎಬ್ಬಿಸಿದ ಮೇಲೆ

1983ರ ಮೇ 26ರಂದು, ಮಧ್ಯಾಹ್ನ ಹನ್ನೆರಡು ಗಂಟೆಯ ಹೊತ್ತಿಗೆ, ಜಪಾನಿನ ಉತ್ತರ ಭಾಗದ ಪಶ್ಚಿಮ ಕರಾವಳಿಯಾಚೆ ಸಮುದ್ರತಳ ಕಂಪಿಸಿತು. ಅಕಿತಾ ಪ್ರಾಂತದ ಓಗಾ ಪರ್ಯಾಯದ್ವೀಪದ ಕಡಲತಡಿಗೆ ಅಂದು ಒಳನಾಡಿನ ಪ್ರಾಥಮಿಕ ಶಾಲೆಯೊಂದರ ಮಕ್ಕಳು ಪ್ರವಾಸ ಬಂದಿದ್ದರು. ಬುತ್ತಿ ಬಿಚ್ಚುವ ವೇಳೆ. ಅಲೆ ಬಂದು 13 ಮಕ್ಕಳನ್ನು ಕೊಂಡೊಯ್ದಿತು. ಆ ಭೂಕಂಪದಲ್ಲಿ ಸತ್ತವರು ಒಟ್ಟು 104 ಮಂದಿ. ಅವರಲ್ಲಿ 100 ಜನರ ಸಾವು ಸುನಾಮಿಯಿಂದ. ಜಪಾನಿನ ಪೂರ್ವ ಕರಾವಳಿಯವರಿಗೆ ಸುನಾಮಿ ತಲೆಮಾರುಗಳ ನೆನಪು. ಪಶ್ಚಿಮ ಕರಾವಳಿಯಲ್ಲಿ ಮಾತ್ರ, ನೆಲ ನಡುಗಿದರೆ ಕಡಲತಡಿಗೆ ಓಡು ಎಂಬ ತದ್ವಿರುದ್ಧವಾದ ಹಿರಿಯರ ಮಾತು ಬಳಕೆಯಲ್ಲಿತ್ತು. ಬೆಟ್ಟ ಜರಿಯುವ ನಾಡಿನಲ್ಲಿ ಬಯಲು ಮರಳೇ ಕ್ಷೇಮವೆಂದು ತೋರಿದ್ದು ಸಹಜ.

ಜಪಾನಿನ ಹವಾಮಾನ ಸಂಸ್ಥೆ ಸುನಾಮಿ ಎಚ್ಚರಿಕೆಯನ್ನು ಹೊರಡಿಸಿದ್ದು ಕಂಪನವಾದ 14 ನಿಮಿಷಗಳ ನಂತರ. ಅದು ಪ್ರಸಾರ ಕೇಂದ್ರವನ್ನು ತಲುಪಿ ತೆರೆಯ ಮೇಲೆ ಮೂಡುವಷ್ಟರಲ್ಲಿ ಮತ್ತಷ್ಟು ನಿಮಿಷಗಳು ಸಂದಿದ್ದವು. ಮೊದಲ ಅಲೆಯಾದರೋ ಹತ್ತಿರದ ದಡಕ್ಕೆ ಏಳೆಂಟು ನಿಮಿಷಗಳಲ್ಲೇ ಮುಟ್ಟಿತ್ತು. ಆ ದೇಶದ ಪ್ರಸಾರ ಎಂಜಿನಿಯರುಗಳ ಮುಂದೆ ಆಗ ಎರಡು ಪ್ರಶ್ನೆಗಳಿದ್ದವು. ಎಚ್ಚರಿಕೆಯನ್ನು ಬೇಗ ಸಿದ್ಧಪಡಿಸುವುದು ಹೇಗೆ ಎಂಬುದು ಮೊದಲನೆಯದು. ಆರಿಸಿಟ್ಟ ಟಿ.ವಿ.ಯ ಮುಂದೆ ಮಲಗಿರುವವನಿಗೆ ಅದನ್ನು ಮುಟ್ಟಿಸುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯದು ಭೂಕಂಪಶಾಸ್ತ್ರಜ್ಞರ ಪಾಲಿನ ಕೆಲಸ. ಎರಡನೆಯದಕ್ಕೆ ಉತ್ತರ ಹುಡುಕುತ್ತ ಹೊರಟವರು ಯಾರೂ ನೆನೆಯದಿದ್ದ ಮೂರನೆಯ ಪ್ರಶ್ನೆಯೊಂದರ ಬಾಗಿಲಿಗೆ ಬಂದು ನಿಂತರು. ಪೆಟ್ಟಿಗೆ ಎದ್ದಿತು ಎನ್ನೋಣ; ಎದ್ದ ಪೆಟ್ಟಿಗೆ ಏನು ಹೇಳಬೇಕು?

ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ 1985ರ ಸೆಪ್ಟೆಂಬರ್ 1ರಂದು ತನ್ನ ತುರ್ತು ಎಚ್ಚರಿಕೆ ಪ್ರಸಾರ ವ್ಯವಸ್ಥೆಯನ್ನು ಆರಂಭಿಸಿತು. ದಿನದ ಆಯ್ಕೆ ಆಕಸ್ಮಿಕವಲ್ಲ. 1923ರ ಸೆಪ್ಟೆಂಬರ್ 1ರಂದು, ಅದೂ ನಡುಹಗಲಿನಲ್ಲೇ, ಟೋಕಿಯೋ ಮತ್ತು ಯೊಕೊಹಾಮಾ ನಗರಗಳು ನಡುಗಿ, ಅಡುಗೆಯ ಒಲೆಗಳಿಂದ ಎದ್ದ ಬೆಂಕಿಯಲ್ಲಿ ಉರಿದುಹೋಗಿದ್ದವು. ಆಗ ಜಪಾನಿನಲ್ಲಿ ಬಾನುಲಿ ಇರಲಿಲ್ಲ. ಸುದ್ದಿಯಿಲ್ಲದ ಆ ಕತ್ತಲಲ್ಲಿ, ಕೊರಿಯನ್ನರು ಬಾವಿಗಳಿಗೆ ವಿಷ ಬೆರೆಸುತ್ತಿದ್ದಾರೆಂಬ ಗಾಳಿಮಾತು ಹಬ್ಬಿ, ಸಾವಿರಾರು ಅಮಾಯಕರನ್ನು ಜನರೇ ಕೊಂದರು. ಬಾನುಲಿ ಪ್ರಸಾರ ಶುರುವಾದದ್ದು 1925ರ ಮಾರ್ಚಿನಲ್ಲಿ. ಅಧಿಕೃತವಾದ ಒಂದು ದನಿ ಎಲ್ಲ ಮನೆಗಳಿಗೂ ಒಮ್ಮೆಗೇ ಕೇಳಿಸುವುದರ ಅಗತ್ಯವನ್ನು ಆ ದೇಶ ಕಲಿತ ಬಗೆ ಇದು.

ವ್ಯವಸ್ಥೆಯ ತಂತ್ರ ಸರಳವಾಗಿತ್ತು. ಸರಳವಾಗಿದ್ದುದೇ ಅದರ ಜಾಣತನ. 640 ಹರ್ಟ್ಸ್ ಮತ್ತು 1024 ಹರ್ಟ್ಸ್‌ನ ಎರಡು ಸ್ವರಗಳನ್ನು, ಸೆಕೆಂಡಿಗೆ 64 ಬಿಟ್‌ಗಳ ವೇಗದಲ್ಲಿ, ಒಂದರ ಮೇಲೊಂದು ಉಲಿಸಿ ಸಂಕೇತವನ್ನು ಕಟ್ಟಲಾಗುತ್ತಿತ್ತು. ಕಿವಿಗೆ ಅದು ಹಕ್ಕಿ ಗಾಬರಿಯಿಂದ ಚಿಲಿಪಿಲಿಗುಟ್ಟಿದಂತೆ. ಸಂಕೇತ ಪ್ರಸಾರದ ಧ್ವನಿಭಾಗದಲ್ಲೇ ಹರಿಯುತ್ತಿದ್ದುದರಿಂದ ಟಿ.ವಿ.ಗೂ ರೇಡಿಯೋಗೂ ಒಂದೇ ಸಂಕೇತ ಸಾಕು. ಅದಕ್ಕೆಂದೇ ತಯಾರಾದ ಪೆಟ್ಟಿಗೆ, ಆರಿಸಿಟ್ಟಾಗಲೂ ಚೂರು ವಿದ್ಯುತ್ತನ್ನು ಹೀರುತ್ತ ಒಂದು ಕಿವಿಯನ್ನು ತೆರೆದಿಟ್ಟುಕೊಂಡಿರುತ್ತಿತ್ತು. ಗುರುತಿನ ಸ್ವರ ಕೇಳಿದೊಡನೆ ತಾನೇ ಹೊತ್ತಿಕೊಂಡು ಮಾತಾಡುತ್ತಿತ್ತು. ಸಂಕೇತದೊಳಗೆ ಪ್ರದೇಶದ ಗುರುತಿರುತ್ತಿತ್ತು, ಸಮಯದ ಗುರುತೂ ಇರುತ್ತಿತ್ತು. ಸಮಯದ ಗುರುತು ಏಕೆಂದರೆ, ಯಾರಾದರೂ ಹಳೆಯ ಧ್ವನಿಮುದ್ರಣವನ್ನು ಮತ್ತೆ ಹಾಕಿದರೆ ಊರಿನ ಪೆಟ್ಟಿಗೆಗಳೆಲ್ಲ ಎದ್ದು ಕೂಗಬಾರದು. ಇಂಥ ಭಯ ಆಧಾರವಿಲ್ಲದ್ದಲ್ಲ. 1971ರ ಫೆಬ್ರವರಿ 20ರಂದು ಅಮೆರಿಕದಲ್ಲಿ, ವಾರದ ಪರೀಕ್ಷೆಗೆಂದು ಹಾಕಬೇಕಾಗಿದ್ದ ಟೇಪಿನ ಬದಲು ನಿಜವಾದ ರಾಷ್ಟ್ರೀಯ ತುರ್ತುಸ್ಥಿತಿಯ ಟೇಪು ಹೊರಟುಹೋಗಿತ್ತು. ಪರಮಾಣು ಯುದ್ಧದ ಭಯದ ಕಾಲ ಅದು. ಆ ಹುಸಿ ಕರೆಗಿಂತ ಹೆಚ್ಚು ಕಳವಳದ ಸಂಗತಿಯೆಂದರೆ, ಬಹಳಷ್ಟು ಕೇಂದ್ರಗಳು ಅದನ್ನು ಕಂಡೂ ಕಾಣದಂತೆ ತಮ್ಮ ಕಾರ್ಯಕ್ರಮಗಳನ್ನು ಮುಂದುವರಿಸಿದ್ದು.

ಜಪಾನಿನಲ್ಲಿ ಈ ಸಂಕೇತ ನಿಜಕ್ಕೂ ಮೊದಲ ಬಾರಿ ಉಲಿದದ್ದು 1987ರ ಮಾರ್ಚ್ 18ರಂದು, ದಕ್ಷಿಣದ ಹ್ಯೂಗಾನಾದಾ ಕಡಲಿನ ಭೂಕಂಪದ ಹೊತ್ತಿನಲ್ಲಿ. ಉಳಿದಂತೆ ಪ್ರತಿ ತಿಂಗಳ ಮೊದಲ ದಿನ ಬೆಳಗ್ಗೆ 11 ಗಂಟೆ 59 ನಿಮಿಷಕ್ಕೆ ಅದರ ಪರೀಕ್ಷೆ ನಡೆಯುತ್ತದೆ. ಜನವರಿಯಲ್ಲಿ ಮಾತ್ರ ಹೊಸವರ್ಷದ ರಜೆಯ ದೆಸೆಯಿಂದ 4ನೆಯ ತಾರೀಖು. ದೋಷ ಬೇರೊಂದು ಕಡೆಯಿತ್ತು. ಎಚ್ಚರಿಕೆಯನ್ನು ಕೇಳುವ ವಿಶೇಷ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತರಬೇಕಾಗಿತ್ತು, ತಂದವರು ಕಡಿಮೆ. ಎಂದೋ ಒಂದು ದಿನ ಕೂಗಬಹುದಾದ ಯಂತ್ರಕ್ಕೆ ಇಂದು ಹಣ ತೆರುವ ಮನಸ್ಸು ಯಾವ ದೇಶದ ಗೃಹಸ್ಥನಿಗೂ ಸುಲಭವಾಗಿ ಬರುವುದಿಲ್ಲ.

ಇದೇ ವರ್ಷಗಳಲ್ಲಿ, ಜಪಾನಿನ ಈ ಪ್ರಯತ್ನದೊಡನೆ ಸಂಬಂಧವೇನೂ ಇಲ್ಲದೆ, ನಮ್ಮ ಪೂರ್ವ ಕರಾವಳಿಯಲ್ಲೂ ತಾನಾಗಿ ಎದ್ದು ಕೂಗುವ ಪೆಟ್ಟಿಗೆಯೊಂದು ಬಂದಿತ್ತು. ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮವರಲ್ಲೂ ಅದನ್ನು ಬಲ್ಲವರು ವಿರಳ.

1977ರ ನವೆಂಬರ್ 19ರಂದು ಆಂಧ್ರದ ಕೃಷ್ಣಾ ನದಿಯ ಮುಖಜ ಭೂಮಿಯ ಮೇಲೆ ಚಂಡಮಾರುತ ಎರಗಿತು. ದಿವಿಸೀಮೆಯ ಹಳ್ಳಿಗಳ ಮೇಲೆ ಕಡಲೇ ಎದ್ದು ನಡೆದುಬಂದಿತು. ಸರಕಾರದ ಲೆಕ್ಕದಲ್ಲೇ ಸತ್ತವರು ಹತ್ತು ಸಾವಿರದಷ್ಟು. ಚಂಡಮಾರುತ ಸುನಾಮಿಯಂಥದ್ದಲ್ಲ, ದಿನಗಳ ಮೊದಲೇ ಅದರ ಸುಳಿವು ಸಿಗುತ್ತದೆ. ಸುಳಿವು ಸಿಕ್ಕರೂ ಅದನ್ನು ಹೊತ್ತೊಯ್ಯುವ ತಂತಿ ಮತ್ತು ದೂರವಾಣಿಯ ಕಂಬಗಳು ಗಾಳಿಗೆ ಮೊದಲು ಬೀಳುವಂಥವು. ಕಂಬವಿಲ್ಲದ ದಾರಿ ಆಕಾಶದಲ್ಲಿತ್ತು. 1983ರ ಆಗಸ್ಟ್ 30ರಂದು ಉಡಾವಣೆಯಾದ ಇನ್ಸಾಟ್-1ಬಿ ಉಪಗ್ರಹ ದೂರದರ್ಶನವನ್ನು ದೇಶದ ಮೂಲೆಮೂಲೆಗೆ ಒಯ್ದ ಕಥೆ ಎಲ್ಲರಿಗೂ ಗೊತ್ತು. ಹಳ್ಳಿಯ ಸಮುದಾಯ ಟಿ.ವಿ.ಗಳಿಗೆ ಚಿತ್ರವನ್ನು ನೇರವಾಗಿ ಸುರಿಯುತ್ತಿದ್ದ ಆ ಉಪಗ್ರಹದ ಎಸ್-ಬ್ಯಾಂಡ್ ತರಂಗಗಳಲ್ಲೇ ಚಂಡಮಾರುತದ ಎಚ್ಚರಿಕೆಗೂ ಒಂದು ಓಣಿಯನ್ನು ಬಿಡಲಾಗಿತ್ತು. ದೂರದರ್ಶನಕ್ಕೆಂದು ಬಂದ ತಂತ್ರಜ್ಞಾನದ ಮಗ್ಗುಲಲ್ಲೇ ಹುಟ್ಟಿದ ಕೂಸು ಇದು.

ಅದರ ನಡೆ ಹೀಗೆ. ಚೆನ್ನೈನ ಚಂಡಮಾರುತ ಎಚ್ಚರಿಕೆ ಕೇಂದ್ರದಲ್ಲಿ ಅಧಿಕಾರಿ ಯಾವ ಜಿಲ್ಲೆಗೆ ಅಪಾಯವೋ ಆ ಜಿಲ್ಲೆಯ ಗುರುತನ್ನು ಆರಿಸುತ್ತಾನೆ. ಸಂಕೇತ ಭೂಕೇಂದ್ರದ ಮೂಲಕ ಉಪಗ್ರಹಕ್ಕೆ ಏರಿ ಕೆಳಗಿಳಿಯುತ್ತದೆ. ಕರಾವಳಿಯಲ್ಲಿಟ್ಟ ಗ್ರಾಹಕ ಯಂತ್ರಗಳೆಲ್ಲ ಅದನ್ನು ಕೇಳುತ್ತವೆ, ತನ್ನ ಗುರುತನ್ನು ಕಂಡ ಯಂತ್ರ ಮಾತ್ರ ಏಳುತ್ತದೆ. ಮೊದಲು ಸೈರನ್, ಅನಂತರ ಆ ಪ್ರದೇಶದ ಭಾಷೆಯಲ್ಲಿ ಎಚ್ಚರಿಕೆಯ ಮಾತು. ಮೊದಲಿಗೆ ತಮಿಳುನಾಡಿನ ಉತ್ತರ ಮತ್ತು ಆಂಧ್ರದ ದಕ್ಷಿಣ ಕರಾವಳಿಯಲ್ಲಿ ನೂರರಷ್ಟು ಯಂತ್ರಗಳನ್ನಿಟ್ಟರು. ಮುಂದೆ ಉಳಿದ ಕರಾವಳಿಗೂ ಅವು ಹರಡಿದವು. 1990ರ ಮೇ ತಿಂಗಳಲ್ಲಿ ಆಂಧ್ರದ ಮೇಲೆ ಎರಗಿದ ಚಂಡಮಾರುತ ಬಲದಲ್ಲಿ 1977ರದಕ್ಕೆ ಸಾಟಿಯಾಗಿತ್ತು. ಈ ಬಾರಿ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಮುಂಚೆಯೇ ಸಾಗಿಸಲಾಯಿತು. ಸತ್ತವರ ಸಂಖ್ಯೆ ಸಾವಿರದ ಆಸುಪಾಸಿನಲ್ಲಿ ನಿಂತಿತು. ಇದರ ಶ್ರೇಯಸ್ಸನ್ನೆಲ್ಲ ಒಂದು ಪೆಟ್ಟಿಗೆಗೆ ಕೊಡುವುದು ನ್ಯಾಯವಲ್ಲ. ಆಶ್ರಯ ಮನೆಗಳು, ರಸ್ತೆಗಳು, 1977ರ ನೆನಪು, ಎಲ್ಲವೂ ಸೇರಿ ಆದದ್ದು. ಆದರೂ ಹತ್ತರಲ್ಲಿ ಒಂಬತ್ತು ಜೀವ ಉಳಿದ ಆ ಲೆಕ್ಕದಲ್ಲಿ ಅದಕ್ಕೊಂದು ಪಾಲಿದೆ.

ಒಂದು ಭೇದವನ್ನು ಮಾತ್ರ ಗಮನಿಸಬೇಕು. ಜಪಾನಿನ ಪೆಟ್ಟಿಗೆ ಇದ್ದದ್ದು ಮನೆಯ ನಡುಮನೆಯಲ್ಲಿ. ನಮ್ಮದು ಇದ್ದದ್ದು ಕಲೆಕ್ಟರ್ ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಅಂಥದೇ ಸರಕಾರಿ ಕಟ್ಟಡಗಳಲ್ಲಿ. ಅಂದಿನ ಬಡತನದಲ್ಲಿ ಬೇರೆ ದಾರಿಯಿರಲಿಲ್ಲ ಎಂಬುದನ್ನು ಒಪ್ಪೋಣ. ಬೆಸ್ತರ ಗುಡಿಸಲಲ್ಲಿ ಟಿ.ವಿ. ಎಲ್ಲಿಂದ ಬರಬೇಕು? ಆದರೆ ಎಚ್ಚರಿಕೆಯ ವಿಳಾಸ ಅಧಿಕಾರಿಯದಾಗಿದ್ದರೆ, ಅಲ್ಲಿಂದ ಗುಡಿಸಲಿನವರೆಗಿನ ಹಾದಿ ಅಧಿಕಾರಿಯ ದಕ್ಷತೆಯನ್ನೂ ಜೀಪಿನ ಡೀಸೆಲನ್ನೂ ನಂಬಿಕೊಂಡಿರುತ್ತದೆ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಮಹಾ ಚಂಡಮಾರುತ ಬಡಿದಾಗ ಹವಾಮಾನ ಇಲಾಖೆಯ ಎಚ್ಚರಿಕೆ ಮೊದಲೇ ಹೊರಟಿತ್ತು. ಸತ್ತವರು ಮತ್ತೆ ಹತ್ತು ಸಾವಿರದಷ್ಟು.

ಇನ್ನು 2004ರ ಡಿಸೆಂಬರ್ 26. ಆ ಹೊತ್ತಿಗೆ ಕರಾವಳಿಯ ಕೇರಿಕೇರಿಗೂ ಟಿ.ವಿ. ಬಂದಿತ್ತು. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 6 ಗಂಟೆ 29 ನಿಮಿಷಕ್ಕೆ ಸುಮಾತ್ರಾ ಬಳಿ ಭೂಮಿ ಬಿರಿಯಿತು. ತಮಿಳುನಾಡಿನ ದಡವನ್ನು ಅಲೆ ಮುಟ್ಟಿದ್ದು ಒಂಬತ್ತರ ಹೊತ್ತಿಗೆ. ನಡುವೆ ಎರಡು ಗಂಟೆಗೂ ಮಿಕ್ಕಿದ ಕಾಲವಿತ್ತು. ಭಾನುವಾರದ ಬೆಳಗು, ಟಿ.ವಿ.ಗಳು ಮಲಗಿರಲಿಲ್ಲ, ವಿದ್ಯುತ್ತಿತ್ತು, ಪ್ರಸಾರವಿತ್ತು. ಹೇಳಬೇಕಾದ ಒಂದು ವಾಕ್ಯ ಮಾತ್ರ ಯಾರ ಬಳಿಯೂ ಇರಲಿಲ್ಲ, ಏಕೆಂದರೆ ಹಿಂದೂ ಮಹಾಸಾಗರಕ್ಕೆ ಸುನಾಮಿ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ನಾಗಪಟ್ಟಿನಂ ಜಿಲ್ಲೆಯೊಂದರಲ್ಲೇ ಸತ್ತವರು ಆರು ಸಾವಿರಕ್ಕೂ ಹೆಚ್ಚು. ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ತಲೆಯೆತ್ತಿದ್ದು 2007ರ ಅಕ್ಟೋಬರಿನಲ್ಲಿ.

ಅದೇ ತಿಂಗಳ ಮೊದಲ ದಿನ ಜಪಾನಿನಲ್ಲಿ ಇನ್ನೊಂದು ಹೊಸ ಪ್ರಯೋಗ ಸಾರ್ವಜನಿಕರಿಗೆ ತೆರೆದುಕೊಂಡಿತು: ಸುನಾಮಿಗಲ್ಲ, ಭೂಕಂಪಕ್ಕೇ ಮುನ್ನೆಚ್ಚರಿಕೆ. ಭೂಕಂಪದಿಂದ ಹೊರಡುವ ಅಲೆಗಳಲ್ಲಿ ಮೊದಲು ಬರುವುದು ವೇಗದ, ಮೆಲುವಾದ ಅಲೆ. ಕಟ್ಟಡಗಳನ್ನು ಕೆಡಹುವ ಅಲೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಮುಂದಿನದನ್ನು ಹಿಡಿದು ಹಿಂದಿನದರ ಬಲವನ್ನು ಅಂದಾಜಿಸಿ, ಅದು ಮುಟ್ಟುವ ಮುನ್ನ ಟಿ.ವಿ.ಯಲ್ಲಿ ಕೂಗುವುದು ಇದರ ಉಪಾಯ. ಸಿಗುವ ಕಾಲ ಕೆಲವೇ ಸೆಕೆಂಡುಗಳು. ಆ ಸೆಕೆಂಡುಗಳಲ್ಲಿ ಮಾತಿಗೆ ಎಡೆಯಿಲ್ಲ, ದನಿಯೊಂದೇ ಮಾತಾಡಬೇಕು. ಎಂಥ ದನಿ? ಆ ದನಿಯನ್ನು ಸಂಯೋಜಿಸಿದವರು ಇಫುಕುಬೆ ತೋರು ಎಂಬ ವಿಜ್ಞಾನಿ, ಕಿವುಡರಿಗೂ ಮಾತು ಕಳೆದುಕೊಂಡವರಿಗೂ ನೆರವಾಗುವ ಉಪಕರಣಗಳಿಗಾಗಿ ಬಾಳಿನುದ್ದಕ್ಕೂ ದುಡಿದವರು. ದನಿ ಗಮನ ಸೆಳೆಯಬೇಕು, ಒಡನೆ ಏಳುವಂತೆ ಮಾಡಬೇಕು, ಆದರೆ ಕೈಕಾಲು ಉಡುಗುವಂತೆ ಹೆದರಿಸಬಾರದು. ಈಗಾಗಲೇ ಇರುವ ಯಾವ ಗಂಟೆಯ ಸದ್ದಿಗೂ ಹೋಲಬಾರದು. ಕಿವಿ ಮಂದವಾದವರಿಗೂ ಕೇಳಬೇಕು. ಇಷ್ಟು ಷರತ್ತುಗಳನ್ನಿಟ್ಟುಕೊಂಡು ಅವರು ಹೋದದ್ದು ತಮ್ಮ ಚಿಕ್ಕಪ್ಪ, ಸಂಗೀತ ರಚನಕಾರ ಇಫುಕುಬೆ ಅಕಿರಾ ಅವರ ಸಿಂಫೊನಿಯೊಂದರ ಬಳಿಗೆ. ಗಾಡ್ಜಿಲ್ಲಾ ಚಲನಚಿತ್ರಕ್ಕೆ ಸಂಗೀತ ಕೊಟ್ಟವರು ಅದೇ ಅಕಿರಾ. ಆ ಸಿಂಫೊನಿಯ ಕೊನೆಯ ಭಾಗದ ಮೊದಲ ಸ್ವರಗುಚ್ಛದಿಂದ ಇಂದು ಇಡೀ ದೇಶ ಬೆಚ್ಚಿ ಏಳುವ ಎರಡು ಘಂಟಾನಾದಗಳು ಹುಟ್ಟಿದವು. ಎಂಜಿನಿಯರಿಂಗಿನ ಕಥೆಯಲ್ಲಿ ಸಂಗೀತ ಹೀಗೆ ಕೆಲಸಕ್ಕೆ ನಿಂತ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ.

2011ರ ಮಾರ್ಚ್ 11ರಂದು ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಎನ್‌ಎಚ್‌ಕೆ ಸಂಸತ್ತಿನ ಸಮಿತಿಯೊಂದರ ಕಲಾಪವನ್ನು ನೇರವಾಗಿ ಬಿತ್ತರಿಸುತ್ತಿತ್ತು. ತೆರೆಯ ಮೇಲೆ ಭೂಪಟವೊಂದು ಮೂಡಿ ಘಂಟೆ ಮೊಳಗಿತು. ಸೆಂಡಾಯ್ ನಗರಕ್ಕೆ ಬಲವಾದ ಕಂಪನ ಮುಟ್ಟುವ ಮುನ್ನ ಹದಿನೈದು ಸೆಕೆಂಡುಗಳಷ್ಟು ಕಾಲ ಸಿಕ್ಕಿತು. ಅಲ್ಲಿಯವರೆಗೆ ಎಲ್ಲವೂ ಎಣಿಸಿದಂತೆಯೇ ನಡೆದಿತ್ತು.

ಮೂರು ನಿಮಿಷಗಳ ಬಳಿಕ, 2 ಗಂಟೆ 49 ನಿಮಿಷಕ್ಕೆ, ಸುನಾಮಿ ಎಚ್ಚರಿಕೆ ಬಂತು. 1983ರಲ್ಲಿ 14 ನಿಮಿಷ, 1993ರಲ್ಲಿ 5 ನಿಮಿಷ, ಈಗ 3; ವೇಗದ ಮಟ್ಟಿಗೆ ದೊಡ್ಡ ಸಾಧನೆ. ಆದರೆ ಅಷ್ಟು ಬೇಗ ಭೂಕಂಪದ ಪೂರ್ಣ ಗಾತ್ರ ಅಳತೆಗೆ ಸಿಕ್ಕಿರಲಿಲ್ಲ. ಮೊದಲ ಅಂದಾಜಿನಲ್ಲಿ ಮಿಯಾಗಿ ಪ್ರಾಂತಕ್ಕೆ 6 ಮೀಟರ್, ಇವಾತೆ ಮತ್ತು ಫುಕುಶಿಮಾಗಳಿಗೆ 3 ಮೀಟರ್ ಎತ್ತರದ ಅಲೆ ಎಂದಿತ್ತು. 3 ಗಂಟೆ 14 ನಿಮಿಷಕ್ಕೆ ಅದು ಮಿಯಾಗಿಗೆ 10, ಉಳಿದೆರಡಕ್ಕೆ 6 ಎಂದಾಯಿತು. ಮೂರೂವರೆಯ ಹೊತ್ತಿಗೆ ಎಲ್ಲೆಡೆ 10ಕ್ಕೂ ಮಿಗಿಲು. ಅಷ್ಟರಲ್ಲಿ ಕರಾವಳಿಯ ಬಹುಪಾಲು ವಿದ್ಯುತ್ತಿಲ್ಲದೆ ಕತ್ತಲಾಗಿತ್ತು, ತಿದ್ದಿದ ಅಂಕಿಗಳು ಬಹಳ ಜನರನ್ನು ತಲುಪಲಿಲ್ಲ. ಅವರ ಕಿವಿಯಲ್ಲಿ ಉಳಿದದ್ದು ಮೊದಲ ಅಂಕಿಯೊಂದೇ. ಇವಾತೆಯ ತಾರೋ ಊರಿನಲ್ಲಿ 10 ಮೀಟರ್ ಎತ್ತರದ ಕಡಲಗೋಡೆಯಿತ್ತು. 3 ಮೀಟರಿನ ಅಲೆ ಅದನ್ನು ದಾಟೀತೇ ಎಂದು ನಿಂತವರ ಲೆಕ್ಕ ತರ್ಕಶುದ್ಧವಾಗಿಯೇ ಇತ್ತು. ಗೋಡೆಯನ್ನು ಅಲೆ ದಾಟಿತು. ಸರಿಯಾದ ಹೊತ್ತಿಗೆ ಬಂದ ಎಚ್ಚರಿಕೆಯಲ್ಲಿದ್ದ ಒಂದು ಅಂಕಿ ಜನರನ್ನು ಕಟ್ಟಿ ನಿಲ್ಲಿಸಬಲ್ಲದು ಎಂದು ಅದುವರೆಗೆ ಯಾರೂ ಯೋಚಿಸಿದಂತಿಲ್ಲ.

ಅಂದು ಸಂಜೆ ನಾಲ್ಕಕ್ಕೆ ಮುನ್ನ, ಸೆಂಡಾಯ್ ವಿಮಾನ ನಿಲ್ದಾಣದಿಂದ ಹಾರಿದ್ದ ಎನ್‌ಎಚ್‌ಕೆಯ ಹೆಲಿಕಾಪ್ಟರ್, ನಾತೋರಿ ನದಿಯ ಬಯಲಿನಲ್ಲಿ ಕಪ್ಪು ನೀರು ಹೊಲಗಳನ್ನೂ ಮನೆಗಳನ್ನೂ ನುಂಗುತ್ತ ಬರುವುದನ್ನು ನೇರವಾಗಿ ತೋರಿಸಿತು. ಆ ದೃಶ್ಯವನ್ನು ಮುಂಬಯಿಯಲ್ಲೂ ದೆಹಲಿಯಲ್ಲೂ ಕೂತು ನೋಡಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ಆ ನೀರಿನ ಮುಂದೆ ಕಾರಿನಲ್ಲಿ ಹೋಗುತ್ತಿದ್ದವರು, ಪರದೆಯ ಮೇಲೆ ನಮಗೆ ಕಂಡವರು, ಮಾತ್ರ ಅದನ್ನು ಕಾಣಲಿಲ್ಲ. ಜಗತ್ತಿಗೆಲ್ಲ ಎಚ್ಚರವಾಗಿದ್ದ ಪ್ರಸಾರ, ಯಾರ ಸಲುವಾಗಿ ಕಟ್ಟಿದ್ದೋ ಅವರಿಗೆ ಆ ಗಳಿಗೆಯಲ್ಲಿ ಇರಲಿಲ್ಲ. ಕಿಸೆಯ ಫೋನಿನಲ್ಲಿ ಟಿ.ವಿ. ಹಿಡಿಯಬಲ್ಲವರಿಗೆ ಒಂದಿಷ್ಟು ದಾರಿಯಿತ್ತು. ಜಪಾನಿನ ಡಿಜಿಟಲ್ ಪ್ರಸಾರದಲ್ಲಿ ಪ್ರತಿ ಚಾನೆಲ್ಲನ್ನೂ 13 ತುಂಡುಗಳಾಗಿ ಸೀಳಿ, ಅವುಗಳಲ್ಲಿ ಒಂದನ್ನು ಮೊಬೈಲುಗಳಿಗೆಂದು ಮೀಸಲಿಟ್ಟಿದ್ದರು. 2006ರ ಏಪ್ರಿಲ್ 1ರಿಂದ ಆ ಸೇವೆ ನಡೆಯುತ್ತಿತ್ತು. ದೂರವಾಣಿಯ ಜಾಲ ಕರೆಗಳ ನೂಕುನುಗ್ಗಲಿಗೆ ಸಿಕ್ಕಿ ಉಸಿರುಗಟ್ಟುತ್ತದೆ. ಪ್ರಸಾರಕ್ಕೆ ಆ ಕಷ್ಟವಿಲ್ಲ. ಒಬ್ಬ ಕೇಳಿದರೂ ಕೋಟಿ ಜನ ಕೇಳಿದರೂ ಗೋಪುರಕ್ಕೆ ಒಂದೇ. ಅದೇ ಡಿಜಿಟಲ್ ಸಂಕೇತದಲ್ಲಿ ಪೆಟ್ಟಿಗೆಯನ್ನು ಎಬ್ಬಿಸುವ ಕೆಲಸಕ್ಕೆ ಈಗ ಒಂದೇ ಒಂದು ಬಿಟ್ ಸಾಕು. ಆದರೆ ಡಿಜಿಟಲ್ ಚಿತ್ರವನ್ನು ಹಿಂಡಿ ಮತ್ತೆ ಬಿಡಿಸುವಷ್ಟರಲ್ಲಿ ಒಂದೆರಡು ಸೆಕೆಂಡು ಹೋಗುತ್ತದೆ. ಹಳೆಯ ಅನಲಾಗ್ ಟಿ.ವಿ. ಆ ಮಟ್ಟಿಗೆ ಚುರುಕು. ಸೆಕೆಂಡುಗಳನ್ನೇ ಎಣಿಸುವ ಈ ವಿದ್ಯೆಯಲ್ಲಿ ಅದೂ ಸಣ್ಣ ನಷ್ಟವಲ್ಲ.

ಸತ್ತವರು ಮತ್ತು ಕಾಣೆಯಾದವರು ಹದಿನೆಂಟು ಸಾವಿರಕ್ಕೂ ಹೆಚ್ಚು. ಅನಂತರದ ಆತ್ಮಪರೀಕ್ಷೆ ಯಂತ್ರಗಳನ್ನು ದಾಟಿ ವ್ಯಾಕರಣವನ್ನು ಮುಟ್ಟಿದ್ದು ಈ ಇತಿಹಾಸದಲ್ಲಿ ನನಗೆ ಅತ್ಯಂತ ಹಿಡಿಸಿದ ಘಟ್ಟ.

ಎನ್‌ಎಚ್‌ಕೆಯ ವಾರ್ತಾವಾಚಕರ ಹೆಗ್ಗಳಿಕೆ ಅವರ ಸಮಚಿತ್ತ. ಎಂಥ ವಿಪತ್ತಿನಲ್ಲೂ ದನಿ ಏರದು, ಮಾತು ತಡವರಿಸದು. ಜನ ಗಾಬರಿಯಾಗಬಾರದೆಂಬುದು ಅದರ ಹಿಂದಿನ ನೀತಿ. ಮಾರ್ಚ್ 11ರಂದೂ ಅವರು ಹಾಗೆಯೇ, ವಿನಯದ ರೂಪದಲ್ಲಿ, ಎತ್ತರದ ಜಾಗಕ್ಕೆ ತೆರಳಬೇಕೆಂದು ಕೋರಿದರು. ತಣ್ಣಗಿನ ಆ ದನಿ, ವಿಷಯವೂ ಅಷ್ಟೇ ತಣ್ಣಗಿನದು ಎಂಬ ಅರ್ಥವನ್ನು ಹೊರಡಿಸಿರಬಹುದೇ ಎಂಬ ಸಂಶಯ ಬಂತು. ಅದೇ ದಿನ ಇಬಾರಾಕಿ ಪ್ರಾಂತದ ಓಅರಾಯ್ ಎಂಬ ಪಟ್ಟಣದ ಧ್ವನಿವರ್ಧಕಗಳಲ್ಲಿ ಬೇರೊಂದು ಬಗೆಯ ಕನ್ನಡಿಯಿತ್ತು. ಅಲ್ಲಿ ಕೋರಿಕೆಯ ರೂಪವನ್ನು ಬಿಟ್ಟು, ಜಪಾನಿ ಭಾಷೆಯ ಹಳೆಯ ಗ್ರಾಂಥಿಕ ಆಜ್ಞಾರ್ಥದಲ್ಲಿ, ಈಗಿನ ಆಡುಮಾತಿನಲ್ಲಿ ಯಾರೂ ಬಳಸದ ಒರಟು ರೂಪದಲ್ಲಿ, ತೆರಳು ಎಂದು ಸಾರಿದ್ದರು. ಕೇಳಿದವರಿಗೆ ಇದು ಎಂದಿನದಲ್ಲ ಎಂದು ಆ ಪ್ರತ್ಯಯವೇ ತಿಳಿಸಿತು. ಎನ್‌ಎಚ್‌ಕೆಯ ಪ್ರಸಾರ ಸಂಸ್ಕೃತಿ ಸಂಶೋಧನ ಸಂಸ್ಥೆ ಈ ಪಟ್ಟಣದ ಒಂದು ಕ್ರಿಯಾಪದವನ್ನು ಹಿಡಿದು ಅಧ್ಯಯನ ನಡೆಸಿತು. ಕ್ರಿಯಾರೂಪವೊಂದನ್ನು ಜೀವರಕ್ಷಕ ಉಪಕರಣವೆಂದು ಪರಿಶೀಲಿಸಿದ ವೈಯಾಕರಣರು ಬೇರೆಲ್ಲಿ ಸಿಕ್ಕಾರು!

ಫಲವಾಗಿ ವಾಚಕರ ರೀತಿ ಬದಲಾಯಿತು. 2012ರ ಡಿಸೆಂಬರ್ 7ರ ಸಂಜೆ ಮತ್ತೆ ಅದೇ ಕಡಲು ನಡುಗಿದಾಗ ಎನ್‌ಎಚ್‌ಕೆಯ ದನಿ ಏರಿತ್ತು, ವಾಕ್ಯಗಳು ತುಂಡಾಗಿದ್ದವು, ಹಿಂದಿನ ವರ್ಷದ ದುರಂತವನ್ನು ನೆನೆಯಿರೆಂಬ ಮಾತೂ ಅದರಲ್ಲಿತ್ತು. 2013ರ ಮಾರ್ಚಿನಿಂದ ಹವಾಮಾನ ಸಂಸ್ಥೆ, ಭೂಕಂಪ ಅತಿ ದೊಡ್ಡದಾಗಿ ಅದರ ಅಳತೆ ಕೈಗೆ ಸಿಗದಿದ್ದಾಗ, ಮೊದಲ ಎಚ್ಚರಿಕೆಯಲ್ಲಿ ಅಂಕಿಯನ್ನೇ ಕೊಡುವುದನ್ನು ಬಿಟ್ಟು 'ಬೃಹತ್' ಎಂಬ ಅರ್ಥದ ಪದವೊಂದನ್ನಷ್ಟೇ ಕೊಡತೊಡಗಿತು. ನಿಖರತೆಯೇ ವಿಜ್ಞಾನದ ಲಕ್ಷಣವೆಂದು ನಂಬಿದವರಿಗೆ ಇದು ಹಿಂಜರಿತವೆಂದು ತೋರಬಹುದು. ನನಗಂತೂ ಇದು ವಿಜ್ಞಾನ ತನ್ನ ಮಿತಿಯನ್ನು ಸರಿಯಾದ ಶಬ್ದದಲ್ಲಿ ಹೇಳಿದ ಪ್ರಾಮಾಣಿಕತೆಯೆಂದೇ ಕಾಣುತ್ತದೆ.

2024ರ ಜನವರಿ 1ರಂದು ಸಂಜೆ 4 ಗಂಟೆ 10 ನಿಮಿಷಕ್ಕೆ ನೋತೋ ಪರ್ಯಾಯದ್ವೀಪ ನಡುಗಿದಾಗ, ಹೊಸವರ್ಷದ ಹಬ್ಬದೂಟಕ್ಕೆ ಕೂತ ಮನೆಗಳಲ್ಲಿ ಎನ್‌ಎಚ್‌ಕೆಯ ವಾಚಕಿಯ ದನಿ ಅಕ್ಷರಶಃ ಚೀರಿತು. ಆಕೆ ಬಳಸಿದ ರೂಪವನ್ನು ಕನ್ನಡಕ್ಕೆ ತರುವುದಾದರೆ 'ಓಡಿ' ಎಂದಾಗಲಿ 'ಓಡಿರಿ' ಎಂದಾಗಲಿ ಸಾಲದು. 'ಈಗಲೇ ಓಡತಕ್ಕದ್ದು', 'ಹಿಂದಿರುಗತಕ್ಕದ್ದಲ್ಲ' ಎಂದಾಗಬೇಕು. ನಮ್ಮಲ್ಲಿ ಶಾಲೆಯ ನಿಯಮಾವಳಿಗಳಲ್ಲೂ ಕಚೇರಿಯ ಸುತ್ತೋಲೆಗಳಲ್ಲೂ ಧೂಳು ತಿನ್ನುತ್ತಿರುವ ಆ 'ತಕ್ಕದ್ದು'ವಿಗೆ ಸಮನಾದ ರೂಪ ಅಲ್ಲಿ ಕಡಲಿನೆದುರು ಕೂಗಾಯಿತು. ತೆರೆಯ ಮೇಲಿನ ಬರಹ ಇನ್ನೂ ಸರಳ. ಕಠಿಣವಾದ ಚೀನೀ ಲಿಪಿಯ ಅಕ್ಷರಗಳನ್ನು ಕೈಬಿಟ್ಟು, ಒಂದನೆಯ ತರಗತಿಯ ಮಗು ಓದುವ ಅಕ್ಷರಗಳಲ್ಲಿ 'ಸುನಾಮಿ, ಓಡಿ' ಎಂದಿಷ್ಟೇ.

ಈ ಸರಳ ಬರಹಕ್ಕೂ ಒಂದು ಪೂರ್ವಕಥೆಯಿದೆ, ಪರಸ್ಥಳದಲ್ಲಿ ಬಾಳುವ ನಮ್ಮಂಥವರು ಕೇಳಬೇಕಾದದ್ದು. 1995ರ ಜನವರಿಯಲ್ಲಿ ಕೋಬೆ ನಗರ ಕುಸಿದಾಗ, ಎಚ್ಚರಿಕೆಗಳೂ ಪರಿಹಾರದ ಸೂಚನೆಗಳೂ ಕಠಿಣ ಜಪಾನಿಯಲ್ಲಿದ್ದು, ಅಲ್ಲಿದ್ದ ಪರದೇಶಿಗರು ಇನ್ನಷ್ಟು ಕಷ್ಟಕ್ಕೆ ಸಿಕ್ಕರು. ಅವರೆಲ್ಲರ ಭಾಷೆಗಳಲ್ಲೂ ಆ ಗಳಿಗೆಯಲ್ಲಿ ಹೇಳುವುದು ಆಗದ ಮಾತು. ಹಿರೋಸಾಕಿ ವಿಶ್ವವಿದ್ಯಾಲಯದ ಸಮಾಜಭಾಷಾವಿಜ್ಞಾನಿಗಳು ಬೇರೊಂದು ದಾರಿ ಹಿಡಿದರು: ಜಪಾನಿಯನ್ನೇ ಸುಲಭ ಮಾಡುವುದು. ಸಣ್ಣ ವಾಕ್ಯ, ಹೊಸಬನೂ ಬಲ್ಲ ಪದ. 'ಸ್ಥಳಾಂತರ' ಎಂಬಂಥ ಘನವಾದ ಪದದ ಜಾಗದಲ್ಲಿ 'ಓಡು' ಎಂಬಂಥ ಮನೆಮಾತು. ಸುಲಭ ಜಪಾನಿ ಎಂದೇ ಅದಕ್ಕೆ ಹೆಸರು. ಪರದೇಶಿಗನಿಗಾಗಿ ಕಟ್ಟಿದ ಆ ಭಾಷೆ ಮಗುವಿಗೂ ಮುದುಕಿಗೂ ಒದಗಿ, ಕೊನೆಗೆ ಟಿ.ವಿ.ಯ ತೆರೆಯನ್ನು ಏರಿತು.

ನಮ್ಮ ದೇಶದಲ್ಲಿ ಎಚ್ಚರಿಕೆಯ ಭಾರ ಈಗ ಬಹುಮಟ್ಟಿಗೆ ಮೊಬೈಲಿನ ಹೆಗಲಿಗೆ ಬಿದ್ದಿದೆ. 2023ರಲ್ಲಿ ರಾಜ್ಯದಿಂದ ರಾಜ್ಯಕ್ಕೆ ಪರೀಕ್ಷೆ ನಡೆದು, ಕರ್ನಾಟಕದಲ್ಲೂ ಅಕ್ಟೋಬರಿನ ಒಂದು ದಿನ ಫೋನುಗಳೆಲ್ಲ ಒಟ್ಟಿಗೆ ಅರಚಿದ್ದು ಊರಿನ ನೆಂಟರ ಬಾಯಲ್ಲಿ ಕೇಳಿರುತ್ತೀರಿ. ಅದರ ಹೆಸರಲ್ಲೇ ಪ್ರಸಾರವಿದೆ: ಗೋಪುರವೊಂದು ತನ್ನ ಸುತ್ತಲಿನ ಫೋನುಗಳಿಗೆಲ್ಲ ಒಮ್ಮೆಗೇ ಸಾರುವ ಸೆಲ್ ಬ್ರಾಡ್‌ಕಾಸ್ಟ್. ಟಿ.ವಿ. ಪ್ರಸಾರವನ್ನೇ ಇಂಟರ್ನೆಟ್ಟಿನ ಹಂಗಿಲ್ಲದೆ ಫೋನಿಗೆ ಇಳಿಸುವ ಪ್ರಯೋಗಗಳೂ ನಡೆದಿವೆ. ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಅದರಲ್ಲಿ ಮುಂದಾಳು. ಆ ಪ್ರಯೋಗಗಳಿಗೆ ಆಧಾರವಾದ ಅಮೆರಿಕದ ಹೊಸ ಪ್ರಸಾರ ಮಾನಕದಲ್ಲೂ, ಮಲಗಿದ ಯಂತ್ರವನ್ನು ಎಬ್ಬಿಸಲೆಂದು ಸಂಕೇತದ ಮೊದಲಲ್ಲೇ ಎರಡು ಬಿಟ್‌ಗಳನ್ನು ಇಟ್ಟಿದ್ದಾರೆ. ಎಬ್ಬಿಸುವ ಉಪಾಯಕ್ಕೆ ಎಲ್ಲಿಯೂ ಕೊರತೆಯಿಲ್ಲ.

ಸಂದೇಶ ಬರುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಆಯಾ ರಾಜ್ಯದ ಭಾಷೆಯಲ್ಲಿ. ಪುಣೆಯ, ಮುಂಬಯಿಯ ಕಟ್ಟಡದ ಕೆಲಸಕ್ಕೆ ಕಲಬುರಗಿ, ಯಾದಗಿರಿಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇರುವವರ ಫೋನೂ ಆ ಹೊತ್ತಿನಲ್ಲಿ ಅರಚುತ್ತದೆ. ಅವರಲ್ಲಿ ಎಷ್ಟು ಮಂದಿ ಅದನ್ನು ಓದಿಯಾರು ಎಂಬುದು ಯಂತ್ರದ ಪ್ರಶ್ನೆಯಲ್ಲ. ಚಂಡಮಾರುತದ ಪೆಟ್ಟಿಗೆಯೂ ಜಿಲ್ಲೆಯನ್ನು ನೋಡಿ ಭಾಷೆಯನ್ನು ಆರಿಸುತ್ತಿತ್ತು, ಕೇಳುವವನನ್ನು ನೋಡಿ ಅಲ್ಲ.

ಇದು ಆಗದ ಕೆಲಸವೇನೂ ಆಗಿರಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ಕಳಿಸಿದ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಇಂದು ಪುಣೆಯ ಶೆಡ್ಡಿನಲ್ಲಿರುವ ಎಷ್ಟೋ ಜನರ ಅಜ್ಜಂದಿರು ಮೊದಲ ಬಾರಿಗೆ ಟಿ.ವಿ. ಕಂಡದ್ದು ತಂತಿಬಲೆಯ ಆ ದೊಡ್ಡ ಬಟ್ಟಲುಗಳ ಕೆಳಗೆ. ಉಪಗ್ರಹದಿಂದ ಇಳಿಯುತ್ತಿದ್ದ ಚಿತ್ರ ಒಂದೇ, ಅದರ ಜೊತೆ ಧ್ವನಿಯ ದಾರಿಗಳು ಎರಡು. ಸಂಜೆ ಒಂದೇ ಚಿತ್ರವನ್ನು ನೋಡುತ್ತ ಆಂಧ್ರದ ಹಳ್ಳಿಯವರು ತೆಲುಗನ್ನು ಕೇಳುತ್ತಿದ್ದರು, ರಾಯಚೂರಿನವರು ಕನ್ನಡವನ್ನು.